ಕತ್ತರಿಸದ ಹನ್ನೊಂದು ನಿಮಿಷ

ಬೆಳಗಿನ ಆರು ಗಂಟೆ. ಹೊಲಿಗೆ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಮೂರು ಟಿ.ವಿ.ಗಳು ಓಡುತ್ತಿವೆ. ಧ್ವನಿ ಇರುವುದು ಒಂದಕ್ಕೆ. ಉಳಿದೆರಡು ರೆಕಾರ್ಡ್ ಆಗುತ್ತಿವೆ. ಸ್ಟೂಲಿನ ಮೇಲೆ ಕೂತ ಅರವತ್ತರ ಹೆಂಗಸಿನ ಎಡಗೈಯಲ್ಲಿ ಸ್ಟಾಪ್‌ವಾಚ್, ಬಲಗೈಯಲ್ಲಿ ಪೆನ್ಸಿಲ್. ಮಂತ್ರಿಗಳು ಮಾತು ಮುಗಿಸುತ್ತಾರೆ; ಪುಸ್ತಕದಲ್ಲಿ ಒಂದು ಸರಿ ಗುರುತು. ವಿರೋಧ ಪಕ್ಷದವರು "ಆದರೆ ಈ ಕಾಯ್ದೆಯಿಂದ" ಎನ್ನುವಷ್ಟರಲ್ಲಿ ಜಾಹೀರಾತು; ಒಂದು ಅಡ್ಡಗೆರೆ. ಇವರ ಬಗ್ಗೆ ಬರೆಯಲೆಂದು ಬಂದು ಬಾಗಿಲಲ್ಲಿ ನಿಂತ ನಾನು ಎರಡು ಸಲ ಕೆಮ್ಮಿದರೂ ಅವರು ತಿರುಗುವುದಿಲ್ಲ. ವಾರ್ತೆ ಮುಗಿದ ಮೇಲೆಯೇ "ಬನ್ನಿ" ಎನ್ನುತ್ತಾರೆ.

ಕೆಳಗಿನ ದರ್ಜಿ ಇವರಿಗೆ ಇಟ್ಟ ಹೆಸರು ಸೆಕೆಂಡಮ್ಮ. ಸಾಕ್ಷ್ಯಚಿತ್ರ ನಿರ್ದೇಶಕಿ ಎಂದು ಕೇಳಿದರೆ ಈ ಬೀದಿಯಲ್ಲಿ ಯಾರೂ ಮನೆ ತೋರಿಸುವುದಿಲ್ಲ. ಅಧಿಕಾರದಲ್ಲಿರುವವರಿಗೆ ಸುದ್ದಿಮನೆಗಳು ಹೇಗೆ ಮಣೆ ಹಾಕುತ್ತವೆ ಎಂಬ ಒಂದೇ ಚಿತ್ರಕ್ಕೆ ಆರು ವರ್ಷ ಹೋಗಿದೆ. ನಲವತ್ತೊಂದು ನೋಟ್‌ಪುಸ್ತಕ ತುಂಬಿವೆ. ಇವರ ಎಣಿಕೆಯಲ್ಲಿ ಆಳುವವರು ಹತ್ತು ವಾಕ್ಯ ಶುರುಮಾಡಿದರೆ ಒಂಬತ್ತು ಮುಗಿಸುತ್ತಾರೆ, ಎದುರಿನವರು ಮೂರು.

"ಸುಳ್ಳು ಹೇಳೋದೇ ಬೇಡ ಕಣ್ರೀ," ಎನ್ನುತ್ತಾರೆ. "ಮಾತು ಅರ್ಧಕ್ಕೆ ಕತ್ತರಿಸಿದ್ರೆ ಸಾಕು, ಎಂಥ ಬುದ್ಧಿವಂತನೂ ಪೆದ್ದನ ಥರ ಕಾಣ್ತಾನೆ."

ಮನೆಯಲ್ಲಿರುವುದು ಒಂದೇ ಲೋಟ. ನನಗೆ ಅದರಲ್ಲಿ ಚಹಾ ಕೊಟ್ಟು ತಾವು ಫ್ಲಾಸ್ಕಿನ ಮುಚ್ಚಳದಲ್ಲಿ ಕುಡಿಯುತ್ತಾರೆ.

ಮೊದಲು ಇವರು ಚಾನೆಲ್ಲೊಂದರಲ್ಲಿ ಕ್ಯಾಮೆರಾ ಹಿಡಿದವರು. ಅಲ್ಲೇ ಇವರ ಅಕ್ಕ ವಾರ್ತೆ ಓದುತ್ತಿದ್ದರು. ಒಂದು ಚುನಾವಣೆಯಲ್ಲಿ ದೊಡ್ಡ ನಾಯಕರ ಸಭೆ. ಸಭಾಂಗಣದ ಮುಕ್ಕಾಲು ಪಾಲು ಕುರ್ಚಿ ಖಾಲಿ. ಇವರು ತುಂಬಿದ್ದ ಮುಂದಿನ ನಾಲ್ಕು ಸಾಲಷ್ಟನ್ನೇ ಹತ್ತಿರದಿಂದ ಹಿಡಿದರು. ಸಂಜೆ ಅಕ್ಕ ತಂಗಿಯ ಚಿತ್ರ ನಂಬಿ "ಕಿಕ್ಕಿರಿದ ಸಭೆ" ಎಂದು ಓದಿದರು. ಮರುದಿನ ಖಾಲಿ ಕುರ್ಚಿಗಳ ಸುದ್ದಿ ಹಬ್ಬಿ ಊರೆಲ್ಲ ನಕ್ಕಿತು.

"ಕ್ಯಾಮೆರಾ ಹಿಂದಿನೋಳು ಯಾರಿಗೆ ಕಾಣ್ತಾಳೆ? ಬೈಗುಳ ಎಲ್ಲ ಅಕ್ಕನ ಮುಖಕ್ಕೇ ಬಿತ್ತು. ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

ಎರಡು ವರ್ಷದ ಹಿಂದೆ ಅಕ್ಕ ಇದೇ ಕೋಣೆಯಲ್ಲಿ ಚಿತ್ರಕ್ಕಾಗಿ ಮಾತಾಡಲು ಕೂತರು. ನಡುವೆ ನಲವತ್ತು ಸೆಕೆಂಡು ಬಂಗಾರದಂಥ ಮಾತು: ಹೌದು, ಮೇಲಿಂದ ಬಂದ ಚೀಟೀನೇ ಓದ್ತಿದ್ವಿ. ಉಳಿದದ್ದೆಲ್ಲ ತಂಗಿಗೆ ಮಂಗಳಾರತಿ. "ನೀನು ತೆಗೆದ ಸುಳ್ಳನ್ನ ನಾನು ಓದ್ದೆ. ಈಗ ನ್ಯಾಯ ಹೇಳೋಕೆ ಬಂದ್ಯಾ?" ಹನ್ನೊಂದನೇ ನಿಮಿಷಕ್ಕೆ ಮೈಕ್ ಕಿತ್ತಿಟ್ಟು ಎದ್ದುಹೋದ ಅಕ್ಕ ಆಮೇಲೆ ಫೋನೇ ಎತ್ತಿಲ್ಲ.

ಚಿತ್ರೋತ್ಸವದವರು ಪತ್ರ ಬರೆದಿದ್ದಾರೆ: ಆ ನಲವತ್ತು ಸೆಕೆಂಡು ಇರಲಿ, ಉಳಿದ ಮನೆಜಗಳ ತೆಗೆಯಿರಿ, ಚಿತ್ರ ಆಯ್ಕೆಯಾಯಿತೆಂದೇ ತಿಳಿಯಿರಿ. ಚಿತ್ರ ಕಳಿಸಲು ಇವತ್ತು ಕೊನೆಯ ದಿನ. ಹಿಂದೆ ಎರಡು ಉತ್ಸವಗಳು ಇದೇ ಕಾರಣಕ್ಕೆ ಚಿತ್ರವನ್ನು ವಾಪಸ್ ಕಳಿಸಿವೆ. ಆರು ವರ್ಷದ ದುಡಿಮೆ; ನಾನಾಗಿದ್ದರೆ ಕಣ್ಣುಮುಚ್ಚಿ ಕತ್ತರಿಸುತ್ತಿದ್ದೆ. ಹಾಗೆಂದು ಹೇಳಿಯೂಬಿಡುತ್ತೇನೆ.

"ನಿನ್ನೆ ಕತ್ತರಿಸಿ ನೋಡ್ದೆ," ಎಂದು ಸೆಕೆಂಡಮ್ಮ ನಗುತ್ತಾರೆ. "ತುಂಬಾ ಚೆನ್ನಾಗಿ ಬಂತು. ಅದಕ್ಕೇ ಹೆದರಿಕೆ ಆಯ್ತು. ಮತ್ತೆ ಅದೇ ಮುಂದಿನ ನಾಲ್ಕು ಸಾಲು ಕುರ್ಚಿ."

ನನ್ನ ಎದುರೇ ಕಂಪ್ಯೂಟರಿನಲ್ಲಿ ಹನ್ನೊಂದು ನಿಮಿಷವನ್ನೂ ಹಾಗೇ ಉಳಿಸಿದ ಪ್ರತಿಯನ್ನು ಉತ್ಸವಕ್ಕೆ ಕಳಿಸುತ್ತಾರೆ. ಇನ್ನೊಂದು ಪ್ರತಿ ಅಕ್ಕನಿಗೆ.

ಉತ್ಸವದವರು ಒಪ್ಪದಿದ್ದರೆ ಎಂದು ಕೇಳುತ್ತೇನೆ.

"ಬಿಡಿ. ಅಕ್ಕ ನೋಡಿದ್ರೆ ಸಾಕು. ಚಿಕ್ಕೋಳಿದ್ದಾಗಿಂದ ಅವಳು ಬಾಯಿ ತೆರೆದ್ರೆ ನಾನು ಮಧ್ಯೆ ಬಾಯಿ ಹಾಕ್ತಿದ್ದೆ. ಹನ್ನೊಂದು ನಿಮಿಷ, ಒಂದು ಸಲವೂ ಹಾಕಿಲ್ಲ. ಬೇಕಾದ್ರೆ ಅವಳೇ ಗಡಿಯಾರ ಹಿಡ್ಕೊಂಡು ನೋಡ್ಲಿ."