ಹಗಲಿಗೆ ‘ರದು’, ಸಂಜೆಗೆ ‘ಬಾ’

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೀದಿದೀಪ ಆರಲೋ ಬೇಡವೋ ಎಂದು ಮಿಣಮಿಣ ಯೋಚಿಸುತ್ತಿದೆ. ಗ್ರಂಥಾಲಯದ ಹಸಿರು ಬಾಗಿಲಿನ ಮುಂದೆ ನಡುವಯಸ್ಸಿನ ಹೆಂಗಸೊಬ್ಬರು ಬೀಗ ತೆಗೆದು, ಒಳಗೆ ಕಾಲಿಡುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡಿಸುತ್ತಾರೆ, ಮೇಜು ಒರೆಸುತ್ತಾರೆ, ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಎಲ್ಲ ಮುಗಿದ ಮೇಲೆ ಮೇಜಿನ ಖಾನೆಯಿಂದ ಅಂಗೈ ಅಗಲದ ಒಂದು ತಗಡಿನ ಚೂರು ತೆಗೆದು, ಗೋಡೆಯ ಮೊಳೆಗೆ ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಸೊಟ್ಟಗಿದೆಯೇ ಎಂದು ನೋಡುತ್ತಾರೆ. ಚೂರಿನ ಮೇಲೆ ಇರುವುದು ಎರಡೇ ಅಕ್ಷರ: ‘ರದು’.

ಇವರು ಇಲ್ಲಿಯ ಅಟೆಂಡರ್. ಬೀದಿಯವರೆಲ್ಲ ಕರೆಯುವುದು ‘ಶ್ ಅಕ್ಕ’ ಎಂದು. ತುಟಿಗೆ ಬೆರಳಿಟ್ಟು ಜನರನ್ನು ಸುಮ್ಮನಿರಿಸುವುದೇ ಎಷ್ಟೋ ವರ್ಷ ಇವರ ಮುಖ್ಯ ಕಸುಬಾಗಿತ್ತು. ಬಸ್ ಓಡಿಸುವ ಗಂಡ ಈಗಲೂ ರೇಗಿಸುತ್ತಾರಂತೆ: “ದಿನವಿಡೀ ನಾನು ಹಾರ್ನ್ ಹೊಡೀತೀನಿ, ಇವಳು ಶ್ ಅಂತಾಳೆ. ಮನೆಗೆ ಬಂದ್ರೆ ಇಬ್ಬರಿಗೂ ಒಂದು ಮಾತು ನೆಟ್ಟಗೆ ಬರಲ್ಲ.”

ಇಂಥ ಅಕ್ಕನ ಕೈಯಿಂದಲೇ ಈ ಗ್ರಂಥಾಲಯದಲ್ಲಿ ಮಾತು ಹುಟ್ಟಿದ್ದು ದೇವರ ತಮಾಷೆಯಲ್ಲದೆ ಮತ್ತೇನು?

ಕಳೆದ ವರ್ಷ ಇಲ್ಲಿ ಎಲ್ಲಕ್ಕೂ ಕತ್ತರಿ ಬಿತ್ತು. ಹೊಸ ಪುಸ್ತಕ ಒಂದೂ ಬರಲಿಲ್ಲ. ನಾಲ್ಕು ಪತ್ರಿಕೆಗಳ ಜಾಗದಲ್ಲಿ ಒಂದು ಉಳಿಯಿತು. ಅಕ್ಕ ಅದರ ಹಾಳೆಗಳನ್ನು ಬಿಡಿಸಿ ಬೇರೆ ಬೇರೆ ಕ್ಲಿಪ್ಪಿಗೆ ಹಾಕಿದರು. ಕ್ರೀಡಾಪುಟ ಹಿಡಿದವರನ್ನು ಉಳಿದವರು ಸಾಲ ಕೊಟ್ಟವರ ಕಣ್ಣಿನಿಂದ ನೋಡುತ್ತ ಕೂರುವುದು ಆಗಿನಿಂದ ನಡೆದುಬಂದಿದೆ. ಎರಡನೆಯ ಗುಮಾಸ್ತರು ನಿವೃತ್ತರಾದರು, ಆ ಕುರ್ಚಿ ಖಾಲಿಯೇ ಉಳಿಯಿತು. ಕೊನೆಗೆ ಮೇಲಿನವರಿಂದ ಇನ್ನೊಂದು ಮಾತು ಬಂತು: ಸಂಜೆ ಯಾರೂ ಬರುವುದಿಲ್ಲ, ದೀಪ ಉರಿಸುವುದು ದಂಡ, ವರ್ಷದ ಕೊನೆಯಲ್ಲಿ ಒಮ್ಮೆ ಬಂದು ನೋಡುತ್ತೇವೆ, ಹೀಗೇ ಇದ್ದರೆ ನಾಲ್ಕು ಗಂಟೆಗೇ ಬೀಗ.

“ಅವರು ಹೇಳಿದ್ದೂ ಸುಳ್ಳಲ್ಲ,” ಎನ್ನುತ್ತಾರೆ ಅಕ್ಕ. “ಸಂಜೆ ನಾನು, ಫ್ಯಾನು, ಮೂಲೆಯಲ್ಲಿ ಪೋಸ್ಟ್‌ಮ್ಯಾನ್ ಸಾರ್. ಫ್ಯಾನು ಒಂದೇ ಮಾತಾಡೋದು.”

ಪೋಸ್ಟ್‌ಮ್ಯಾನ್ ಸಾರ್ ಅಂದರೆ ಅಂಚೆಯಿಂದ ನಿವೃತ್ತರಾದ ಹಿರಿಯರು. ಹೆಂಡತಿ ತೀರಿಕೊಂಡ ಮೇಲೆ ಸಂಜೆಯ ಹೊತ್ತನ್ನು ಎಲ್ಲಿ ಇಡುವುದೆಂದು ತಿಳಿಯದೆ ಇಲ್ಲಿ ತಂದಿಟ್ಟವರು.

ಹೀಗಿರುವಾಗ ಒಂದು ದಿನ ಗಾಳಿಗೆ ಬಾಗಿಲು ಬಡಿದು, ಗೋಡೆ ಅದುರಿ, ತುಕ್ಕು ಹಿಡಿದಿದ್ದ ಹಳೆಯ ತಗಡಿನ ಬೋರ್ಡಿನ ಒಂದು ತುದಿ ಮುರಿದು ಬಿತ್ತು. ಬೋರ್ಡಿನಲ್ಲಿ ಇದ್ದದ್ದು ‘ಇಲ್ಲಿ ಮಾತನಾಡಬಾರದು’. ಬಿದ್ದದ್ದು ‘ರದು’. ಅಕ್ಕ ಚೂರನ್ನು ಎತ್ತಿ ಖಾನೆಗೆ ಹಾಕಿದರು, ಗ್ರಂಥಪಾಲಕರು ಹೊಸ ಬೋರ್ಡಿಗೆ ಬರೆದು ಕೇಳಿದರು, ಈ ವರ್ಷ ಬೋರ್ಡಿಗೆ ಹಣವಿಲ್ಲ ಎಂಬ ಉತ್ತರ ಬಂತು. ಉಳಿದದ್ದನ್ನು ಯಾರೂ ಓದಿ ನೋಡಲಿಲ್ಲ. ವರ್ಷಗಟ್ಟಲೆ ಕಂಡ ಬೋರ್ಡನ್ನು ಓದುವವರು ಯಾರು?

ಓದಿದವರು ಎದುರು ಬದಿಯಲ್ಲಿ ತರಕಾರಿ ಮಾರುವ ಅಜ್ಜಿ. ಮೊಮ್ಮಗಳ ಕೈಯಲ್ಲಿ ಆಗಷ್ಟೇ ಅಕ್ಷರ ಕಲಿಯುತ್ತಿದ್ದ ಅಜ್ಜಿಗೆ ಕಣ್ಣಿಗೆ ಬಿದ್ದುದನ್ನೆಲ್ಲ ಕೂಡಿಸಿ ಓದುವ ಹುಚ್ಚು. ಅಂಗಡಿಯ ಹಲಗೆ, ಬಸ್ಸಿನ ಹಣೆ, ಔಷಧದ ಡಬ್ಬಿ, ಯಾವುದನ್ನೂ ಬಿಟ್ಟವರಲ್ಲ. ಒಂದು ಸಂಜೆ ಬುಟ್ಟಿ ಖಾಲಿಯಾದ ಮೇಲೆ ಗ್ರಂಥಾಲಯದ ಬಾಗಿಲಲ್ಲಿ ನಿಂತು, ಒಳಗಿನ ಗೋಡೆ ನೋಡುತ್ತ, ಬೆರಳಲ್ಲಿ ಗಾಳಿಯ ಮೇಲೆ ಗೆರೆ ಎಳೆಯುತ್ತ ಜೋರಾಗಿ ಓದಿದರು: “ಇ-ಲ್ಲಿ... ಮಾ-ತ-ನಾ-ಡ... ಬಾ.”

ಓದಿದವರೇ ಒಳಗೆ ಬಂದು, ಅಕ್ಕನ ಎದುರಿನ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

“ನನ್ನ ಬೆರಳು ಆಗಲೇ ತುಟಿ ಮೇಲಿತ್ತು,” ಅಕ್ಕ ನೆನೆದು ನಗುತ್ತಾರೆ. “ಅಜ್ಜಿ ಅಂದ್ರು, ‘ಕರೆದಿದ್ದೀಯಲ್ಲ ತಾಯಿ, ಬಂದೆ. ಏನು ಮಾತಾಡೋಣ?’ ಅಂತ. ಗೋಡೆ ಕಡೆ ನೋಡಿದೆ. ಹೌದಲ್ಲ, ಕರೆದಿದ್ದೀವಿ. ಜೀವಮಾನದಲ್ಲಿ ಮೊದಲನೇ ಸಲ ತಾವಾಗಿ ಓದಿಕೊಂಡು ಬಂದವರಿಗೆ, ನೀವು ಓದಿದ್ದು ತಪ್ಪು ಅಂತ ಹೇಗೆ ಹೇಳಲಿ? ಬೆರಳು ತಾನಾಗೇ ಇಳೀತು.”

ಆ ಸಂಜೆ ಅಜ್ಜಿ ತಮ್ಮ ಬಾಲ್ಯದ ಬಾವಿಯ ಕಥೆ ಹೇಳಿದರು. ಬಾವಿಗೆ ಬಿದ್ದ ಚಂದ್ರನನ್ನು ಕೊಡದಲ್ಲಿ ಸೇದಲು ಹೋದ ಅತ್ತೆಯ ಕಥೆ. ಮನೆಪಾಠ ಮುಗಿಸಿಕೊಂಡು ಹೋಗುತ್ತಿದ್ದ ಮೂರು ಮಕ್ಕಳು ಕಿಟಕಿಗೆ ಅಂಟಿಕೊಂಡರು. ಮರುದಿನ ಅವರು ಒಳಗಿದ್ದರು. ಕಥೆಗೆ ಬದಲಾಗಿ ಅಜ್ಜಿ ಕೇಳಿದ್ದು ಒಂದೇ: “ಅಷ್ಟು ಪುಸ್ತಕ ಇಟ್ಕೊಂಡಿದ್ದೀರಿ, ನನಗೂ ಒಂದು ಓದಿ ಹೇಳಿ. ನಾನೇ ಕೂಡಿಸಿ ಓದ್ತಾ ಕೂತ್ರೆ ರಾಜಕುಮಾರಿ ಮದುವೆ ಆಗೋ ಹೊತ್ತಿಗೆ ನಾನಿರಲ್ಲ.”

ಅಕ್ಕ ಓದತೊಡಗಿದರು. ಜನ ಬರತೊಡಗಿದರು. ಪಕ್ಕದ ಓಣಿಯ ನರ್ಸಮ್ಮ ಕೆಲಸ ಮುಗಿಸಿ ಬಂದು, ವಯಸ್ಸಾದವರ ಮಾತ್ರೆಗಳನ್ನು ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಹೇಳಿದರು. ದರ್ಜಿಯೊಬ್ಬರು ಹರಿದ ಪುಸ್ತಕಗಳ ಬೆನ್ನನ್ನು ಸೂಜಿ ದಾರದಲ್ಲಿ ಹೊಲಿದುಕೊಟ್ಟರು. ಪರೀಕ್ಷೆಗೆ ಓದುವವರು ಮಾತ್ರ ಗೊಣಗಿದರು. ಅವರದೂ ನ್ಯಾಯವೇ. ಆಗ ಅಕ್ಕನಿಗೆ ಖಾನೆಯ ಚೂರು ನೆನಪಾಯಿತು. ಗಂಡ ಅದಕ್ಕೊಂದು ತೂತು ಕೊರೆದುಕೊಟ್ಟರು. ಅಂದಿನಿಂದ ಬೆಳಗ್ಗೆ ‘ರದು’ ಮೊಳೆಗೆ ಏರುತ್ತದೆ, ಸಂಜೆ ನಾಲ್ಕಕ್ಕೆ ಇಳಿಯುತ್ತದೆ.

“ಹಗಲು ಓದೋರದ್ದು, ಸಂಜೆ ಮಾತಾಡೋರದ್ದು. ಜಗಳಾನೇ ಇಲ್ಲ ನೋಡಿ,” ಎನ್ನುತ್ತಾರೆ ಅಕ್ಕ.

ಜಗಳ ಇತ್ತು. ಮೂಲೆಯ ಪೋಸ್ಟ್‌ಮ್ಯಾನ್ ಸಾರ್ ಮುಖ ಊದಿಸಿಕೊಂಡಿದ್ದರು. ಶುರುವಾದ ವಾರದಲ್ಲೇ ‘ಗ್ರಂಥಾಲಯ ಸಂತೆಯಾಗಿದೆ, ಕೂಡಲೇ ನಿಲ್ಲಿಸಿ’ ಎಂದು ಮೇಲಿನವರಿಗೆ ಮುದ್ದಾದ ಕೈಬರಹದಲ್ಲಿ ದೂರು ಬರೆದು ಅಂಚೆಗೆ ಹಾಕಿದ್ದರು. ಅದು ಅಕ್ಕನಿಗೆ ಗೊತ್ತಿರಲಿಲ್ಲ. ಒಂದು ದಿನ ಅಕ್ಕನ ಗಂಟಲು ಕಟ್ಟಿತು. ಶ್ ಅನ್ನಲೂ ದನಿಯಿಲ್ಲ. ಅಜ್ಜಿ ಮೂಲೆಗೆ ತಿರುಗಿ, “ಏನಪ್ಪಾ, ಆ ಪೇಪರ್ ಹಾಳೆ ಬೆಳಗ್ಗಿನಿಂದ ಸವೆದು ಹೋಯ್ತು. ಬಿಡು ಅದನ್ನ. ಬಾ, ಇದನ್ನ ಓದು,” ಎಂದು ಪುಸ್ತಕ ಚಾಚಿದರು. ಅವರು ಒಂದು ಪುಟ ಗೊಣಗುತ್ತ ಓದಿದರು. ಎರಡನೆಯ ಪುಟದಲ್ಲಿ ಕಳ್ಳನ ಮಾತು ಬಂತು, ದನಿ ತಾನಾಗಿ ದಪ್ಪವಾಯಿತು. ಮಕ್ಕಳು ನಕ್ಕರು. ಮರುದಿನ ಅವರು ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ನಾಲ್ಕಕ್ಕೆ ಮೊದಲೇ ಬಂದು ಕೂತಿದ್ದರು.

ವರ್ಷದ ಕೊನೆ ಬಂತು. ಅಕ್ಕ ಲೆಕ್ಕ ಹಾಕಿದರು: ಬರುವ ಸಾಹೇಬರು ಗದ್ದಲ ಕಂಡರೂ ಬೀಗ, ಜನರಿಲ್ಲದಿದ್ದರೂ ಬೀಗ. “ನನಗೆ ಅರ್ಧ ದಿನದ ಕೆಲಸ ಉಳಿದೀತು. ಆದ್ರೆ ಅಜ್ಜಿಗೆ ಏನಂತ ಹೇಳಲಿ? ಕರೆದವಳೇ ಬಾಗಿಲು ಹಾಕಿದ ಹಾಗಾಗುತ್ತಲ್ಲ. ಮೇಲೆ ಇರೋನು ನೋಡ್ಕೊಳ್ಳಲಿ ಅಂತ ಸುಮ್ಮನಾದೆ.”

ಸಾಹೇಬರು ಹೇಳದೆ ಕೇಳದೆ ಒಂದು ಸಂಜೆ ಬಂದರು. ಬಾಗಿಲಲ್ಲಿ ನಿಂತು ಬೋರ್ಡು ಓದಿ ಹುಬ್ಬು ಗಂಟಿಕ್ಕಿದರು. ಕೋಣೆ ತುಂಬ ಜನ. ಕಥೆಯಲ್ಲಿ ಕಳ್ಳ ಆಗಷ್ಟೇ ಕಿಟಕಿ ಹತ್ತುತ್ತಿದ್ದಾನೆ. ಸಾಹೇಬರು ಗಂಟಲು ಸರಿಮಾಡಿಕೊಂಡು, “ಇಲ್ಲಿ ಗಲಾಟೆ ಅಂತ ಒಂದು ದೂರು ಬಂದಿದೆ. ಬರೆದವರು ಯಾರು?” ಎಂದರು.

ಪೋಸ್ಟ್‌ಮ್ಯಾನ್ ಸಾರ್ ಪುಸ್ತಕದಿಂದ ತಲೆ ಎತ್ತದೆ, ತುಟಿಗೆ ಬೆರಳಿಟ್ಟು, “ಶ್!” ಎಂದರು.

ಸಾಹೇಬರು ಸುಮ್ಮನೆ ಕೂತರು. ಅಜ್ಜಿ ಸರಿದು ಜಾಗ ಕೊಟ್ಟರು. ಕಳ್ಳ ಸಿಕ್ಕಿಬಿದ್ದ ಮೇಲೆ, ದೂರು ತಮ್ಮದೇ ಎಂದು ಪೋಸ್ಟ್‌ಮ್ಯಾನ್ ಸಾರ್ ಒಪ್ಪಿಕೊಂಡರು. “ಜೀವಮಾನವೆಲ್ಲ ಊರವರ ಕಾಗದ ಹೊತ್ತಿಗೆ ಸರಿಯಾಗಿ ಮುಟ್ಟಿಸಿದೆ ಸಾರ್. ನನ್ನದೊಂದು ಮಾತ್ರ ಇಷ್ಟು ತಡವಾಗಿ ಮುಟ್ಟಿದೆ. ದೇವರು ದೊಡ್ಡವನು.” ಇಡೀ ಕೋಣೆ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಕ್ಕದ್ದು ಶ್ ಅಕ್ಕ. ಹೊರಡುವಾಗ ಸಾಹೇಬರು, ಮುಂದಿನ ಕಥೆ ಯಾವತ್ತು ಎಂದು ಕೇಳಿಕೊಂಡು ಹೋದರು.

ಸಂಜೆಯ ದೀಪ ಉರಿಯಲಿ ಎಂಬ ಆದೇಶ ಹೋದ ವಾರ ಬಂದಿದೆ. ಜೊತೆಗೊಂದು ಸಾಲು: ಹೊಸ ಬೋರ್ಡು ಬರೆಸಿಕೊಡಲಾಗುವುದು, ಬೇಕಾದುದನ್ನು ತಿಳಿಸಿ. ಅಕ್ಕ ಗ್ರಂಥಪಾಲಕರ ಮುಂದೆ ನಿಂತು ತಲೆಯಾಡಿಸಿದ್ದಾರೆ.

“ಬೋರ್ಡು ಬೇಡ. ದಿನಾ ಹಾಕಿ ತೆಗೆದು ಮೊಳೆ ಸಡಿಲ ಆಗಿದೆ, ಕಾಗದ ತುರುಕಿ ನಿಲ್ಲಿಸಿದ್ದೀನಿ. ಒಂದು ಗಟ್ಟಿ ಮೊಳೆ ಕೊಡಿಸಿದ್ರೆ ಸಾಕು.”

ಗಡಿಯಾರ ನಾಲ್ಕು ಹೊಡೆಯುತ್ತದೆ. ಬಾಗಿಲಲ್ಲಿ ಅಜ್ಜಿ ಬುಟ್ಟಿ ಇಳಿಸುತ್ತಾರೆ. ಅಕ್ಕ ಚೂರನ್ನು ಇಳಿಸಿ, ಸೆರಗಿನಲ್ಲಿ ಒರೆಸಿ, ಖಾನೆಯಲ್ಲಿಡುತ್ತಾರೆ.

“ನಂದೇನು ದೊಡ್ಡ ಕೆಲಸ ಅಲ್ಲ,” ಎನ್ನುತ್ತಾರೆ. “ಎರಡಕ್ಷರ ಹಾಕೋದು, ಎರಡಕ್ಷರ ತೆಗೆಯೋದು.”