ಗಂಗಮ್ಮನವರ ಅಟ್ಟದ ಕಾಯಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಕೂತರೆ ಎದ್ದು ಹೋಗುತ್ತಿದ್ದವನು ನಾನು. ಚಿಕ್ಕನಾಯಕನಹಳ್ಳಿ ಕಡೆಯ ಒಣಗುಡ್ಡದ ಹಳ್ಳಿಯಿಂದ ಬರಿಗೈಯಲ್ಲಿ ತಿಪಟೂರಿಗೆ ಬಂದು, ಮೂಟೆ ಹೊತ್ತು, ಕೊನೆಗೆ ಸ್ವಂತ ಕೊಬ್ಬರಿ ಅಂಗಡಿ ಇಟ್ಟವನಿಗೆ ಕೈಗೆ ಸಿಕ್ಕಿದ್ದು, ಕಿವಿಗೆ ಬಿದ್ದದ್ದು ಮಾತ್ರ ಸತ್ಯ.

ಕಿವಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಎತ್ತರದ ಸೀಮೆ, ಒಣಗಾಳಿ. ಈ ಊರು ಪೇಟೆಯಾದದ್ದೇ ಆ ಗಾಳಿಯಿಂದ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ, ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಸದ್ದಿಲ್ಲದ ಕಾಯಿಯನ್ನು ಮಾತ್ರ ಒಡೆಯಬೇಡಿ. ಅದು ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ, ಬೂಸಲು ಹಿಡಿದು ಹೋಗುತ್ತದೆ.

ಬಿಳಿಗೆರೆಯ ರುದ್ರಣ್ಣ ಚೌಕಾಸಿಯಲ್ಲಿ ನನ್ನನ್ನು ಸೋಲಿಸುತ್ತಿದ್ದ ಒಬ್ಬನೇ ಮನುಷ್ಯ. ಅಟ್ಟ ತುಂಬಿಸಿದ ವಾರಕ್ಕೇ ತೀರಿಹೋದ. ಅವನ ಹೆಂಡತಿ ಗಂಗಮ್ಮನವರಿಗೆ ಕಿವಿ ಕೇಳಿಸುವುದಿಲ್ಲ, ತುಟಿ ನೋಡಿ ಮಾತು ತಿಳಿಯುತ್ತಾರೆ. ವರ್ಷದ ಕಾರ್ಯ ಹತ್ತಿರ ಬಂದಾಗ, ಕಾಯಿಯ ಸದ್ದು ಕೇಳಿ ನೋಡಲು ನನಗೆ ಹೇಳಿಕಳಿಸಿದರು. ಗಂಡ ಕೊನೆಯದಾಗಿ ಕೀಳಿಸಿದ ಕಾಯಿಯ ಕೊಬ್ಬರಿಯನ್ನೇ ಅವನ ಎಡೆಗೆ ಇಡಬೇಕೆಂಬುದು ಅವರ ಆಸೆ. ಹಸಿ ಇದ್ದಾಗ ಇಳಿಸಿ ಒಡೆದರೆ ಅವನ ಕೈಯ ಕೊನೆಯ ಬೆಳೆಯೇ ಹಾಳು.

ಮಧ್ಯಾಹ್ನ ಮೂರರ ಹೊತ್ತು. ಗಂಗಮ್ಮನವರು ಕೆಳಗೆ ಏಣಿ ಹಿಡಿದು ನಿಂತರು, ನಾನು ಅಟ್ಟ ಹತ್ತಿದೆ. ಆ ವರ್ಷ ಮಳೆ ಜಾಸ್ತಿ, ಕಾಯಿ ಒಣಗುವುದು ತಡ. ದೂರದ ಮೂಲೆಯವರೆಗೂ ಹೋಗಿ ಮೂವತ್ತು ನಲವತ್ತು ಕಾಯಿ ಅಲ್ಲಾಡಿಸಿದೆ. ಒಂದೂ ಉಸಿರೆತ್ತಲಿಲ್ಲ. ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿಯುವಷ್ಟರಲ್ಲಿ ಅವರ ಮುಖ ಅರಳಿತ್ತು.

"ಆಗೈತೆ ಅಲ್ವೇನಪ್ಪ?"

"ಇಲ್ಲ ಕಣಮ್ಮ, ಹಸಿ. ಎರಡು ತಿಂಗಳು ಬುಡಿ."

"ಮತ್ತೆ ಎರಡು ಸಲ ಬಡಿದೆಯಲ್ಲ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ತಮ್ಮ ಕಿವಿ ಹೋದ ಮೇಲೆ ರುದ್ರಣ್ಣ ಅಟ್ಟದ ಮೇಲಿಂದ ಮಾತಾಡುತ್ತಿರಲಿಲ್ಲವಂತೆ. ಕಾಯಿ ಆಗಿದ್ದರೆ ಏಣಿಯ ತುದಿಗೆ ಎರಡು ಸಲ ಬಡಿಯುತ್ತಿದ್ದನಂತೆ, ಹಿಡಿದ ಕೈಗೆ ಗೊತ್ತಾಗಲೆಂದು. ಈ ಗುರುತು ನನಗೆ ತಿಳಿದೇ ಇರಲಿಲ್ಲ. ಅಲ್ಲದೆ ನಾನಿದ್ದದ್ದು ಏಣಿಯಿಂದ ನಾಲ್ಕು ಮಾರು ಆಚೆ.

"ನಾನು ಬಡಿದಿಲ್ಲಮ್ಮ."

ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು. "ಹಂಗಾದ್ರೆ ಸುಲಿ," ಅಂದರು.

"ಹಾಳಾಗ್ತದೆ, ನನ್ನ ಮಾತು ಕೇಳಿ."

"ನಿನ್ನ ಮಾತ ಅವರೇ ಯಾವತ್ತೂ ಕೇಳ್ಲಿಲ್ಲ, ನಾನ್ ಕೇಳ್ತೀನಾ? ಸುಲಿಯಪ್ಪ ಸುಮ್ನೆ."

ಕಂಕುಳಲ್ಲಿದ್ದ ಆ ಕಾಯಿಯನ್ನು ಮತ್ತೊಮ್ಮೆ ಕಿವಿಯ ಹತ್ತಿರ ಅಲ್ಲಾಡಿಸಿದೆ. ಮೂಕ. ಬೇಸರದಿಂದಲೇ ಸುಲಿದು ಮಚ್ಚಿನ ಹಿಂಬದಿಯಿಂದ ಚಿಪ್ಪಿಗೆ ತಟ್ಟಿದೆ. ಚಿಪ್ಪು ಎರಡಾಯಿತು. ಒಳಗಿಂದ ಒಣಗಿದ ಇಡೀ ಉಂಡೆ ಉರುಳಿ, ಎದುರಿಗೆ ಕೂತಿದ್ದ ಗಂಗಮ್ಮನವರ ಮಡಿಲಿಗೆ ಬಿತ್ತು. ಅವರು ಅದನ್ನು ಸೆರಗಿನಲ್ಲಿ ಒರೆಸಿದರು, ಮಗುವಿನ ಮುಖ ಒರೆಸುವ ಹಾಗೆ. ಆ ಅಟ್ಟದಲ್ಲಿ ಆಮೇಲೆ ಒಡೆದ ಒಂದು ಕಾಯಿಯೂ ಹಸಿ ಇರಲಿಲ್ಲ.

ಮರುವಾರವೇ ತುಮಕೂರಿಗೆ ಹೋಗಿ ಕಿವಿ ತೋರಿಸಿದೆ. ಚೆನ್ನಾಗಿದೆ ಎಂದರು. ಬೇರೆಯವರ ಅಟ್ಟದ ಕಾಯಿ ಅಂದೂ ಇಂದೂ ನನಗೆ ಸರಿಯಾಗಿಯೇ ಕೇಳಿಸುತ್ತದೆ. ನಾನೇ ಗೊತ್ತಿಲ್ಲದೆ ಅಟ್ಟದ ಹಲಗೆ ತುಳಿದಿರಬೇಕು ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡೆ. ಆದರೆ ಆ ಮೂಕ ಕಾಯಿಗಳಿಗೆ ಏನು ಹೇಳಲಿ?

ಅವುಗಳಲ್ಲಿ ಒಂದನ್ನು ಕೇಳಿ ತಂದು ಅಂಗಡಿಯ ಗೂಡಿನಲ್ಲಿ ಇಟ್ಟಿದ್ದೇನೆ. ಎಷ್ಟೋ ಸಲ ಅಲ್ಲಾಡಿಸಿದ್ದೇನೆ, ಸದ್ದಿಲ್ಲ. ಒಡೆಯಲು ಮನಸ್ಸು ಬಂದಿಲ್ಲ. ಹೋದ ತಿಂಗಳು ಪೇಟೆಗೆ ಬಂದ ಗಂಗಮ್ಮನವರು ಅದನ್ನು ಕಂಡು ಕೈಗೆತ್ತಿಕೊಂಡರು. ಅಲ್ಲಾಡಿಸಲಿಲ್ಲ. ಎರಡೂ ಅಂಗೈ ನಡುವೆ ಹಿಡಿದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮುಖದಲ್ಲಿ ನಗು ಬಂತು. ಇದ್ದಲ್ಲೇ ಇಟ್ಟು, "ಬತ್ತೀನಿ ಕಣಪ್ಪ," ಎಂದು ಬಸ್ಸಿಗೆ ಹೊರಟರು.

ಕೇಳದೆ ಏನನ್ನೂ ಬಿಡಬೇಡಿ ಎಂದು ಎಲ್ಲರಿಗೂ ಬುದ್ಧಿ ಹೇಳುವವನು ನಾನು. ಅವತ್ತು ಅವರ ಅಂಗೈಗೆ ಏನು ತಿಳಿಯಿತೆಂದು ಕೇಳಲಿಲ್ಲ.