ಅತ್ತೆಯ ಹೆಸರು ಯಾರ ಕಾರ್ಡಿನಲ್ಲಿ

ನನ್ನ ಷಡ್ಡಕನಿಗೆ, ಎಂದರೆ ಹೆಂಡತಿಯ ತಂಗಿಯ ಗಂಡನಿಗೆ, ಚೌಕಾಸಿ ಮಾಡಲು ಬರುವುದಿಲ್ಲ. ಎಳನೀರಿನವನು ಎಷ್ಟು ಹೇಳಿದರೆ ಅಷ್ಟು ಕೊಟ್ಟು, ಮೇಲೊಂದು ನಗು ಬೇರೆ ಕೊಟ್ಟು ಬರುವ ಮನುಷ್ಯ. ಮನೆ ಮದ್ದೂರಿನಲ್ಲಿ, ಕೆಲಸ ನನ್ನ ಜೊತೆಯಲ್ಲೇ, ಸೋಮನಹಳ್ಳಿಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ. ಆ ಕೆಲಸ ಕೊಡಿಸಿದವನು ನಾನು. ಅವನನ್ನು ನಮ್ಮ ಅತ್ತೆಯ ಮನೆಗೆ ಅಳಿಯನಾಗಿ ತಂದವನೂ ನಾನೇ. ಅಂಥವನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿತು ಎಂದರೆ ಮೊದಮೊದಲು ನಾನೇ ನಂಬಲಿಲ್ಲ.

ನಾನು ಮೇಲೆ ಬಂದದ್ದು ಚೌಕಾಸಿಯಿಂದ. ಹದಿನೇಳನೆಯ ವಯಸ್ಸಿಗೆ ದುದ್ದದಿಂದ ಮಂಡ್ಯಕ್ಕೆ ಬಂದು ಬೆಲ್ಲದ ವರ್ತಕರೊಬ್ಬರ ಹತ್ತಿರ ಮೂಟೆ ಹೊತ್ತೆ. ಹೊರುತ್ತಲೇ ಅವರ ಮಾತು ಕೇಳಿಸಿಕೊಂಡೆ. ಈಗ ಕಾರ್ಖಾನೆಯ ಖರೀದಿ ನೋಡಿಕೊಳ್ಳುತ್ತೇನೆ, ಮಂಡ್ಯದ ಗುತ್ತಲಿನಲ್ಲಿ ಸ್ವಂತ ಮನೆ ಇದೆ. ನಾನು ಕಲಿತದ್ದು ಇಷ್ಟು: ಮಾರುವವನಿಗೆ ಹೊತ್ತು ಮೀರುತ್ತಿರುವಾಗ ಬಾಯಿ ಬಿಡಬೇಕು. ಬೆಳಿಗ್ಗೆ ಸಂತೆಯಲ್ಲಿ ಟೊಮೇಟೊ ಕೇಳುವವನು ದಡ್ಡ. ಸಂಜೆ ಮಾರುವವಳು ಟಾರ್ಪಾಲು ಮಡಿಸುವಾಗ ಕೇಳಿ, ಅವಳು ಒಪ್ಪದಿದ್ದರೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆಯಿರಿ. ಕರೆಯುತ್ತಾಳೆ. ನನ್ನನ್ನು ಯಾರೂ ಕರೆಯದೆ ಬಿಟ್ಟದ್ದಿಲ್ಲ.

ಅತ್ತೆ ಇರುವುದು ಮಳವಳ್ಳಿಯಲ್ಲಿ. ಮಾವ ತೀರಿಹೋಗಿದ್ದಾರೆ, ಗಂಡು ಮಕ್ಕಳಿಲ್ಲ. ಬತ್ತ ಯಾರಿಗೆ ಕೊಡಬೇಕು, ಪಂಪ್‌ಸೆಟ್ಟಿಗೆ ಯಾವ ಮೋಟಾರು, ಮನೆಗೆ ಯಾವ ಬಣ್ಣ, ಎಲ್ಲಕ್ಕೂ ದೊಡ್ಡ ಅಳಿಯನ ಮಾತು ಬೇಕಿತ್ತು. ನಾನು ಹೋದರೆ ಅತ್ತೆ ಬಾಗಿಲಿಗೆ ಒರಗಿ ನಿಂತೇ ಮಾತಾಡುತ್ತಿದ್ದರು. ನಮ್ಮ ಕಡೆ ಅಳಿಯನ ಎದುರು ಅತ್ತೆ ಕೂರುವುದಿಲ್ಲ. ಷಡ್ಡಕ ಮಾತ್ರ ಹೋದವನೇ ಅಡುಗೆಮನೆಯ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಅವನ ಜೊತೆ ಅತ್ತೆಯೂ ಕೂತು ನಗುತ್ತಿದ್ದರು. ಅವರ ಮಂಡಿ ನೋವಿನ ವಿಷಯ ಅವನಿಗೆ ವರ್ಷದ ಹಿಂದೆಯೇ ಗೊತ್ತಿದ್ದದ್ದು, ನನಗೆ ಗೊತ್ತಿಲ್ಲದೆ ಹೋದದ್ದು ಹಾಗೆ.

ಕಾರ್ಖಾನೆಯಲ್ಲಿ ಒಂದು ದಿನ ನೋಟಿಸು ಹಾಕಿದರು. ನಮಗೆ, ಹೆಂಡತಿ ಮಕ್ಕಳಿಗೆ ಕಂಪನಿ ಮಾಡಿಸುವ ಆರೋಗ್ಯ ವಿಮೆ ಹೇಗೂ ಇತ್ತು. ಅದರ ಮೇಲೆ, ಇಷ್ಟವಿದ್ದವರು ತಮ್ಮ ಸಂಬಳದಲ್ಲಿ ಹಿಡಿಸಿಕೊಂಡು ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಸೇರಿಸಬಹುದು. ಎರಡರಲ್ಲಿ ಒಂದೇ ಕಡೆ. ಹದಿನೈದು ದಿನ ಗಡುವು, ಮೊಬೈಲಿಗೆ ಬಂದ ಲಿಂಕಿನಲ್ಲಿ ಒಪ್ಪಿಗೆ ಒತ್ತಿದರೆ ಆಯಿತು. ಬಲವಂತವಿಲ್ಲ. ನನ್ನ ಹೆತ್ತವರಿಬ್ಬರೂ ಇಲ್ಲ. ಸೇರಿಸುವುದಾದರೆ ಅತ್ತೆಯನ್ನೇ ಎಂದು ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ. ಆದರೆ ಹೇಳಿದ ದರಕ್ಕಲ್ಲ.

ಊಟದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಎಲ್ಲರಿಗೂ ಬುದ್ಧಿ ಹೇಳಿದೆ. "ಯಾರೂ ಒತ್ಬ್ಯಾಡಿ ಕಣ್ರಲಾ. ಕೊನೇ ದಿನದ ಗಂಟ ಸುಮ್ಕಿರಿ. ಅವ್ರೇ ಇಳ್ಕೊಂಡು ಬತ್ತಾರೆ."

"ಇದೇನಣ್ಣೋ, ಟಮಾಟೆ ಗುಡ್ಡೆಯಾ?" ಎಂದ ಮಿಷನ್ನಿನವನೊಬ್ಬ.

"ಎಲ್ಲಾ ಯಾಪಾರನೂ ಟಮಾಟೆ ಗುಡ್ಡೆನೇ ಕಣ್ಲಾ."

ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದ ಷಡ್ಡಕ ತಿರುಗಿದ. "ಅಣ್ಣ, ನಾ ಮೊನ್ನೇನೆ ಒತ್ಬುಟ್ಟೆ."

"ಯೋಳಿದ್ ರೇಟಿಗೇನ್ಲಾ?"

"ಊಂ."

"ಲೇ, ನಿನ್ನಂಥ ಗಿರಾಕಿ ಸಿಕ್ಕಿದ್ದಕ್ಕೆ ಅವ್ರ್ ಮನೇಲಿ ಒಬ್ಬಟ್ಟು ಬೇಯಿಸ್ತಾವ್ರೆ ಓಗು!"

ಎಲ್ಲರೂ ನಕ್ಕರು, ಅವನೂ ನಕ್ಕ. ಯಾರ ಹೆಸರು ಸೇರಿಸಿದೆ ಎಂದು ನಾನು ಕೇಳಲಿಲ್ಲ. ಅಪ್ಪ ಅಮ್ಮನದಿರಬೇಕು ಅಂದುಕೊಂಡೆ. ಅವರಿಗೆ ಅವನ ಅಣ್ಣನ ಸರ್ಕಾರಿ ನೌಕರಿಯ ಸೌಲಭ್ಯ ಇದೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಕೊನೆಯ ದಿನ ಸಂಜೆ ನಾಲ್ಕೂವರೆಗೆ ಆಫೀಸಿಗೆ ಹೋದೆ. ಸಿಬ್ಬಂದಿ ವಿಭಾಗದ ಹುಡುಗಿ ಬೆಂಗಳೂರು ಬಸ್ಸಿಗೆ ಹೊರಡುವ ಆತುರದಲ್ಲಿದ್ದಳು. ಇದೇ ಸರಿಯಾದ ಸಮಯ ಎನ್ನಿಸಿತು.

"ಮೇಡಂ, ನಾವು ಮೂವತ್ತು ಜನ ಒಟ್ಟಿಗೆ ಸೇರ್ತೀವಿ. ಸ್ವಲ್ಪ ಇಳಿಸೋಕೆ ಒಂದ್ ಮಾತು ಹೇಳಿ ನೋಡಿ."

"ಸರ್, ದರ ನಮ್ಮ ಕೈಯಲ್ಲಿಲ್ಲ. ಐದು ಗಂಟೆಗೆ ಲಿಂಕ್ ತಾನಾಗೇ ಮುಚ್ಚುತ್ತೆ. ಬೇಗ ಒತ್ತಿಬಿಡಿ."

ನಾನು ಬೆನ್ನು ತಿರುಗಿಸಿದೆ. ಮೆಟ್ಟಿಲವರೆಗೆ ನಿಧಾನವಾಗಿ ನಡೆದೆ. ಮೆಟ್ಟಿಲ ಹತ್ತಿರ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಯಾರೂ ಕರೆಯಲಿಲ್ಲ. ಕೆಳಗಿಳಿದು ಒಂದು ಟೀ ಕುಡಿದು, ಇನ್ನು ಸಾಕು ಎಂದು ವಾಪಸು ಬಂದಾಗ ಐದೂ ಹತ್ತು. "ಮುಂದಿನ ವರ್ಷ ಬನ್ನಿ ಸರ್," ಎಂದು ಹೇಳಿ ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ನನ್ನ ಮೂವತ್ತು ಜನರಲ್ಲಿ ಬಹುಪಾಲು ಮಂದಿ ಮಧ್ಯಾಹ್ನವೇ ಗುಟ್ಟಾಗಿ ಒತ್ತಿಕೊಂಡಿದ್ದರು. ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಎದುರಿಗೆ ಮಾರುವವನ ಮುಖ ಇಲ್ಲದ ಕಡೆ ಬೆನ್ನು ತಿರುಗಿಸಬೇಡಿ. ಮೊದಲ ದಿನವೇ ಒತ್ತಿ. ಯಾರನ್ನು ಸೇರಿಸಬೇಕು ಎಂದು ಮನೆಯಲ್ಲಿ ಎಲ್ಲರೆದುರು ಮಾತಾಡಿಕೊಂಡು ಒತ್ತಿ.

ನಾಲ್ಕು ತಿಂಗಳಿಗೆ ಅತ್ತೆಯ ಬಲಗಾಲು ಮಡಿಸಲು ಬಾರದಾಯಿತು. ಮಂಡಿಯ ಕೀಲು ಬದಲಿಸಬೇಕು ಎಂದರು ಡಾಕ್ಟರು. ನಾನು ಮಂಡ್ಯದಲ್ಲಿ ಮೂರು ಆಸ್ಪತ್ರೆ ತಿರುಗಿ, ಒಂದು ಕಡೆ ಗಟ್ಟಿಯಾಗಿ ಮಾತಾಡಿ ಕಡಿಮೆಗೆ ಒಪ್ಪಿಸಿಕೊಂಡೆ. ಭಾನುವಾರ ಸ್ಕೂಟರು ಹತ್ತಿ ಮಳವಳ್ಳಿಗೆ ಹೋದೆ. ಷಡ್ಡಕ ನನಗಿಂತ ಮೊದಲೇ ಬಂದಿದ್ದ.

"ಅತ್ತೆ, ಆಸ್ಪತ್ರೆಯೋರ್ ತಾವ ಎಲ್ಲಾ ಮಾತಾಡಿವ್ನಿ. ದುಡ್ಡಿನ್ ಯೋಚ್ನೆ ಬುಡಿ," ಎಂದೆ.

"ಅದ್ಯಾಕೆ ದುಡ್ಡು? ಚಿಕ್ಕಳಿಯಂದ್ರು ನನ್ನೆಸ್ರ ಅವ್ರ ಕಾರ್ಡ್‌ಗೆ ಸೇರ್ಸವ್ರಂತಲ್ಲ," ಎಂದರು ಅತ್ತೆ, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು.

ಅವನು ಮೊಬೈಲು ಚಾಚಿದ. ಕಾರ್ಡಿನಲ್ಲಿ ಅತ್ತೆಯ ಫೋಟೊ ಇತ್ತು, ಹೆಸರಿತ್ತು. ಅದರ ಮೇಲೆ ಅವನ ಹೆಸರು, ಕಾರ್ಖಾನೆಯಲ್ಲಿ ಅವನಿಗೆ ಕೊಟ್ಟ ನಂಬರು. ಹದಿನೆಂಟು ವರ್ಷ ಆ ಮನೆಯ ಬೇಕು ಬೇಡ ನೋಡಿದವನು ನಾನು. ಆ ಫೋಟೊ ಒಂದು ಹಬ್ಬದಲ್ಲಿ ನಾನೇ ತೆಗೆದದ್ದು. ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನು ಕತ್ತರಿಸಿ ಹಾಕಿದ್ದ. ಇವನು ಒಂದು ಬೆರಳಿನಲ್ಲಿ ಒತ್ತಿ, ಹೇಳಿದ ದರ ಕೊಟ್ಟು, ನನ್ನ ಜಾಗ ತೆಗೆದುಕೊಂಡುಬಿಟ್ಟನಲ್ಲ!

"ಅತ್ತೆ, ಅದ್ರಲ್ಲಿ ಮಾಡುಸ್ಕಬ್ಯಾಡಿ," ಎಂದೆ. "ಕಾರ್ಡಿನೋರ್ಗೆ ಅಗ್ಗದ ಕೀಲು ಆಕ್ತಾರೆ. ವರ್ಸ ತಡೆಯಕಿಲ್ಲ. ಆಮ್ಯಾಕೆ ಕಾಲೇ ಓಯ್ತದೆ."

ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

"ಅಂಗೇನಿಲ್ಲ ಅಣ್ಣ, ಡಾಕ್ಟ್ರನ್ನೇ ಕೇಳಿವ್ನಿ," ಎಂದ ಷಡ್ಡಕ.

"ನಿಂಗೇನ್ ಗೊತ್ಲಾ ಬೆಲೆ? ಒಂದ್ ಕಟ್ಟು ಸೊಪ್ಪು ತರಕ್ಕೆ ಬರಕಿಲ್ಲ."

ಅತ್ತೆ ನಮ್ಮಿಬ್ಬರ ಮುಖ ನೋಡಿದರು. "ದೊಡ್ಡಳಿಯಂದ್ರು ಬ್ಯಾಡ ಅಂದ್ಮೇಲೆ ಬ್ಯಾಡ ಬುಡಿ," ಎಂದು ಒಳಗೆ ಹೋದರು.

ವಾಪಸು ಬರುವಾಗ ಮದ್ದೂರಿನವರೆಗೂ ನನಗೆ ಖುಷಿಯೇ ಆಗಿತ್ತು. ನನ್ನ ಮಾತು ಇನ್ನೂ ನಡೆಯುತ್ತದೆ ಎಂಬ ಖುಷಿ. ಆದರೆ ನಾನು ಒಪ್ಪಿಸಿದ್ದ ಆಸ್ಪತ್ರೆಗೂ ಅತ್ತೆ ಬರಲಿಲ್ಲ. ತಮ್ಮ ಕಾಲಿಗೆ ಅಷ್ಟು ದುಡ್ಡು ಸುರಿಯಬೇಡಿ ಎಂದುಬಿಟ್ಟರು. ಆಪರೇಷನ್ನಿಗೆಂದು ಷಡ್ಡಕ ವಿಮೆಯವರಿಂದ ಮೊದಲೇ ತೆಗೆಸಿದ್ದ ಅನುಮತಿಯ ಗಡುವೂ ಮುಗಿಯಿತು. ಅವನ ಕಾರ್ಡಿನಲ್ಲೂ ಇಲ್ಲ, ನನ್ನ ದುಡ್ಡಿನಲ್ಲೂ ಇಲ್ಲ. ಹೀಗೇ ಐದಾರು ತಿಂಗಳು ಕಳೆಯಿತು, ಕಾಲು ಇನ್ನೂ ಹದಗೆಟ್ಟಿತು.

ತವರಿಗೆ ಹೋಗಿ ಬಂದ ಹೆಂಡತಿ ಚೀಲ ಇಡುವ ಮೊದಲೇ ಕೇಳಿದಳು. "ಅವ್ವ ಬಚ್ಚಲಿಗೆ ಓಗಕ್ಕೆ ಗೋಡೆ ಇಡ್ಕೊಂಡು ಕಾಲೆಳೀತಾವ್ಳೆ. ಏನಂದ್ರಿ ನೀವು ಅವ್ಳ್ಗೆ?" ನಾನು ಸ್ಕೂಟರು ಒರೆಸುವ ನೆಪದಲ್ಲಿ ಹೊರಗೆ ಹೋದೆ.

ಮಾರನೆಯ ದಿನ ಷಡ್ಡಕ ನನ್ನ ಸ್ಟೋರಿಗೆ ಬಂದ. ಬೈಯಲು ಬಂದಿದ್ದಾನೆ ಎಂದುಕೊಂಡು ಎರಡು ಮಾತು ಸಿದ್ಧ ಮಾಡಿಕೊಂಡೆ. ಅವನು ಬೈಯಲಿಲ್ಲ.

"ಅಣ್ಣ, ಪಾಲಿಸಿ ವರ್ಸ ಮುಗಿಯೋಕ್ಕೆ ಇನ್ನೆಲ್ಡು ತಿಂಗ್ಳು ಅದೆ. ನಾ ಯೋಳುದ್ರೆ ಕೇಳಕಿಲ್ಲ ಅವ್ರು. ನೀವೊಂದ್ ಮಾತ್ ಯೋಳಿ. ನಿಮ್ಮಾತೇ ಅವ್ರಿಗೆ ಮಾತು."

ಜಗಳ ಆಡಿದ್ದರೆ ನಾನು ಗೆಲ್ಲುತ್ತಿದ್ದೆ. ಅವನಿಗೆ ನನ್ನ ಮೇಲೆ ಕೋಪವೂ ಇಲ್ಲವಲ್ಲ ಎಂಬುದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಹಗುರಾಗಿ ಬದುಕಲು ನನಗೆ ಬರುವುದಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ಒಬ್ಬನೇ ಮಳವಳ್ಳಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನನ್ನು ಕಂಡು ಏಳಲು ಹೊರಟರು. ಬೇಡ ಎಂದು ಕೈ ಆಡಿಸಿ ನಾನೇ ಅಂಗಳದಲ್ಲಿ ನಿಂತೆ.

"ಅತ್ತೆ, ಅವತ್ತು ನಾ ಯೋಳುದ್ದು ಸುಳ್ಳು. ಅಗ್ಗದ ಕೀಲೂ ಇಲ್ಲ, ಏನೂ ಇಲ್ಲ."

"ಗೊತ್ತು ಬುಡಿ."

"ಏನ್ ಗೊತ್ತು?"

"ಇಂದ್ಲ ಬೀದಿಯೋಳ್ಗೆ ಮಗ ಕಾರ್ಡಲ್ಲೇ ಮಾಡ್ಸಿದ್ದು. ಮೂರ್ ವರ್ಸ ಆಯ್ತು, ದಿನಾ ಹಸ ಇಡ್ಕೊಂಡು ಇಲ್ಲೇ ಓಯ್ತಳೆ. ನಾ ಕಾಣ್ನಾ?"

"ಗೊತ್ತಿದ್ದೂ ಯಾಕ್ ಬ್ಯಾಡ ಅಂದ್ರಿ ಮತ್ತೆ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನಿಮ್ಮಾತ ಮೀರಿ ಆ ಅಳಿಯಂದ್ರ ಜೊತೆ ಓಗಿದ್ರೆ ನಾಳಿಕ್ಕೆ ನೀವು ಈ ವಸ್ಲು ತುಳೀತಿದ್ರಾ? ನನ್ ಮಗ್ಳ ಕಳ್ಸ್ತಿದ್ರಾ? ಕಾಲ್ ನೋವು ತಡ್ಕಬೋದು ಕಣಪ್ಪ."

ಎಷ್ಟೋ ಜನ ವರ್ತಕರ ಎದುರು ಕೂತು ಮಾತಿಗೆ ಮಾತು ಕೊಟ್ಟವನು ನಾನು. ಆದರೂ ನನ್ನ ಹೊಟ್ಟೆಕಿಚ್ಚಿನ ಬೆಲೆ ಎಷ್ಟೆಂದು ಅತ್ತೆ ನನಗಿಂತ ಸರಿಯಾಗಿ ಅಳೆದು, ಒಂದು ಪೈಸೆ ಕಡಿಮೆ ಮಾಡದೆ ತಮ್ಮ ಕಾಲಿನಿಂದ ಕೊಡುತ್ತಾ ಬಂದಿದ್ದರು.

"ನಿಮ್ ಮಗ್ಳ ಕಳುಸ್ತೀನಿ," ಎಂದೆ ಕೊನೆಗೆ. "ನಾನೇ ಕರ್ಕಂಡೋಗ್ತೀನಿ ಆಸ್ಪತ್ರೆಗೆ. ಅವ್ನ್ ಕಾರ್ಡಲ್ಲೇ."

ಷಡ್ಡಕ ಮತ್ತೆ ಅರ್ಜಿ ಕಳಿಸಿದ, ಮತ್ತೆ ಅನುಮತಿ ಬಂತು. ಆಸ್ಪತ್ರೆಗೆ ಸೇರಿಸುವ ದಿನ ಕಾರು ಗೊತ್ತು ಮಾಡಿದವನು ನಾನು, ಅತ್ತೆಯ ರಟ್ಟೆ ಹಿಡಿದು ಇಳಿಸಿದವನು ನಾನು, ಕೌಂಟರಿನ ಮುಂದೆ ಮೊದಲು ನಿಂತವನೂ ನಾನು. ಷಡ್ಡಕ ಹಿಂದೆ ಅತ್ತೆಯ ಬಟ್ಟೆಯ ಚೀಲ ಹಿಡಿದುಕೊಂಡು ನಿಂತಿದ್ದ.

"ನೀವು ಪೇಷೆಂಟಿಗೆ ಏನಾಗ್ಬೇಕು?" ಎಂದು ಕೇಳಿದಳು ಕೌಂಟರಿನವಳು.

"ಅಳಿಯ."

ಅವಳು ಕಂಪ್ಯೂಟರು ನೋಡಿ ನನ್ನ ಹೆಸರು ಕೇಳಿದಳು. ಹೇಳಿದೆ. "ಈ ಹೆಸರು ಇಲ್ಲಿಲ್ವಲ್ಲ ಸರ್. ಕಾರ್ಡಿರೋ ಅಳಿಯ ಯಾರು?"

ನಾನು ಪಕ್ಕಕ್ಕೆ ಸರಿದು ಅವನ ಕಡೆ ಬೆರಳು ತೋರಿಸಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಚೆನ್ನಾಗಿಯೇ ಉರಿಯಿತು. ಅವನು ಸಹಿ ಹಾಕಲಿ ಎಂದು ಅವನ ಕೈಯಲ್ಲಿದ್ದ ಚೀಲ ನಾನು ತೆಗೆದುಕೊಂಡೆ.